ಆಮದು ಸರಕು ಮತ್ತು ಧಾನ್ಯಕೀಟ: ಖಾಪ್ರಾ ಹುಳುವಿನ ನಿಷೇಧದ ಇತಿಹಾಸ

ಬಂದರುಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅಲ್ಲಿಗೆ ಬಂದ ಸರಕನ್ನೂ, ಅದರ ಬೆಲೆಯನ್ನೂ, ಅದರ ಮೇಲೆ ವಿಧಿಸಲಾದ ಸುಂಕವನ್ನೂ ಕುರಿತು ವಿವರವಾಗಿ ಬರೆದಿದ್ದಾರೆ. ಸರಕಿನೊಡನೆ ಯಾರ ಕರೆಯೂ ಇಲ್ಲದೆ, ಯಾವ ಸುಂಕವನ್ನೂ ತೆರದೆ ಬಂದಿಳಿದ ಜೀವಿಗಳ ವಿಚಾರವನ್ನು ಮಾತ್ರ ಕೀಟಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟಿದ್ದಾರೆ. ಕೀಟದ ಜೀವನಕ್ರಮ ಕೀಟಶಾಸ್ತ್ರಕ್ಕೆ ಸೇರಿದ್ದೆಂಬುದು ನಿಜ. ಆದರೆ ಅದನ್ನು ತಡೆಯಲೆಂದು ಹೊರಡಿಸಿದ ಆಜ್ಞೆ, ಆ ಆಜ್ಞೆಯನ್ನು ನಡೆಯಿಸಿದ ಅಧಿಕಾರಿ, ಅದರಿಂದ ನಷ್ಟಕ್ಕೀಡಾದ ವರ್ತಕ, ಇವರೆಲ್ಲರೂ ಇತಿಹಾಸಕ್ಕೆ ಸೇರಿದವರೇ. ಆಮದಾಗುವ ಸರಕಿನ ಮೂಲಕ ಧಾನ್ಯದ ಕೀಟಗಳು ದೇಶದೊಳಕ್ಕೆ ಬಾರದಂತೆ ತಡೆಯುವ ನಿಯಮಗಳು ಹೇಗೆ ಹುಟ್ಟಿದುವು, ಯಾವ ದಿಕ್ಕಿನಲ್ಲಿ ಬೆಳೆದುವು ಎಂಬುದನ್ನು ಒಂದೇ ಒಂದು ಕೀಟದ ಉದಾಹರಣೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕೀಟ ನಮ್ಮ ದೇಶದ್ದೆಂದೇ ಲೋಕದಲ್ಲೆಲ್ಲ ಪ್ರಸಿದ್ಧವಾದ ಖಾಪ್ರಾ ಹುಳು. ಈ ನಿಯಮಗಳು ಮೊದಲು ಕಾಳನ್ನು ಪರೀಕ್ಷಿಸಿದುವು. ಅನಂತರ ಕಾಳನ್ನು ತುಂಬಿದ ಚೀಲವನ್ನು ಸಂದೇಹಿಸಿದುವು. ನಮ್ಮ ಕಾಲದಲ್ಲಿ ಕಾಳೇ ಇಲ್ಲದ ಬರಿಯ ಪೆಟ್ಟಿಗೆಯನ್ನು ತಡೆದು ನಿಲ್ಲಿಸುತ್ತಿವೆ. ಈ ಬದಲಾವಣೆ ಏಕಾಯಿತೆಂಬುದೇ ನನ್ನ ಮುಖ್ಯ ಪ್ರಶ್ನೆ.

ಧಾನ್ಯದೊಡನೆ ಹುಳು ಪ್ರಯಾಣಮಾಡುವುದು ಹೊಸ ಸಂಗತಿಯೇನೂ ಅಲ್ಲ. ರೋಮನರು ಕ್ರಿ. ಶ. 43ರಲ್ಲಿ ಬ್ರಿಟನ್ನಿನ ಮೇಲೆ ದಂಡೆತ್ತಿಹೋದಮೇಲೆ ಅವರ ಸೈನ್ಯದ ಆಹಾರಧಾನ್ಯದೊಂದಿಗೆ ಗೋದಿಯ ಮೂತಿಹುಳು ಆ ದ್ವೀಪವನ್ನು ಸೇರಿತು. ಯಾರ್ಕ್ ನಗರದ ಕೋನಿ ಬೀದಿಯಲ್ಲಿ ಭೂಶೋಧನೆ ನಡೆಸಿದವರಿಗೆ ಮೊದಲನೆಯ ಶತಮಾನದ ಒಂದು ಕಣಜದ ಅವಶೇಷ ದೊರೆಯಿತು. ಆ ಪದರದಲ್ಲಿ ಧಾನ್ಯಕ್ಕಿಂತ ಧಾನ್ಯದ ಹುಳುಗಳ ಅವಶೇಷಗಳೇ ಹೇರಳವಾಗಿದ್ದುವು. ರೋಮನ್ ಅಧಿಕಾರಿಗಳು ಆ ಕಟ್ಟಡವನ್ನು ಕೆಡವಿ, ನೆಲದ ಮೇಲೆ ಜೇಡಿಮಣ್ಣನ್ನು ದಪ್ಪವಾಗಿ ಹರಡಿ ಮುಚ್ಚಿ, ಅದರ ಮೇಲೆ ಬೇರೊಂದು ಕಣಜವನ್ನು ಕಟ್ಟಿದರೆಂದು ವಿದ್ವಾಂಸರು ಊಹಿಸಿದ್ದಾರೆ. ಇದು ಕೀಟವನ್ನು ನಿರ್ಮೂಲಮಾಡುವ ಪ್ರಯತ್ನವೇ ಹೊರತು ಒಳಕ್ಕೆ ಬಾರದಂತೆ ತಡೆಯುವ ಪ್ರಯತ್ನವಲ್ಲ. ಈ ಎರಡರ ನಡುವಣ ಅಂತರವನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ಪ್ರಾರ್ಥನೆ.

ನಮ್ಮ ನಾಡಿನ ರೈತರು ಈ ವಿಷಯದಲ್ಲಿ ಅಲ್ಪಜ್ಞರಾಗಿರಲಿಲ್ಲ. ಬಳ್ಳಾರಿ, ಧಾರವಾಡದ ಕಡೆ ಜೋಳವನ್ನು ಕೂಡಿಡುತ್ತಿದ್ದ ಹಗೇವುಗಳನ್ನು ಕಂಡವರಿಗೆ ಇದರ ಮರ್ಮ ತಿಳಿದೇ ಇದೆ. ನೆಲದಲ್ಲಿ ಆಳವಾಗಿ ತೋಡಿದ ಗುಂಡಿಯ ಸುತ್ತ ಹುಲ್ಲನ್ನು ಹೊದಿಸಿ, ಕಾಳನ್ನು ಸುರಿದು, ಬಾಯನ್ನು ಮಣ್ಣಿನಿಂದ ಭದ್ರವಾಗಿ ಮುಚ್ಚಿದರೆ ಒಳಗಿನ ಗಾಳಿ ಕೆಲವೇ ದಿನಗಳಲ್ಲಿ ಕೆಟ್ಟು ಹುಳುವಿಗೆ ಉಸಿರಾಡಲು ಆಸ್ಪದವಿಲ್ಲದಂತಾಗುತ್ತದೆ. ಹಗೇವನ್ನು ತೆರೆದ ಕೂಡಲೆ ಅದರೊಳಕ್ಕೆ ಇಳಿದವನ ಪ್ರಾಣಕ್ಕೆ ಅಪಾಯವಾಗುವುದೂ ಇದೇ ಕಾರಣದಿಂದ. ಗಾಳಿಯನ್ನು ಕೆಡಿಸಿ ಹುಳುವನ್ನು ಕೊಲ್ಲುವ ಈ ತತ್ತ್ವವೇ ಮುಂದೆ ಬಂದರುಗಳಲ್ಲಿ ವಿಷಾನಿಲದ ರೂಪದಲ್ಲಿ ಬಳಕೆಗೆ ಬಂದಿತು. ಆದರೆ ಹಗೇವಿನ ಧಾನ್ಯ ಊರಿನದು, ಊರಿನಲ್ಲಿಯೇ ಉಣ್ಣತಕ್ಕದ್ದು. ಅದಕ್ಕೆ ಗಡಿಯ ಪ್ರಶ್ನೆ ಇರಲಿಲ್ಲ.

ಗಡಿಯಲ್ಲಿ ನಿಂತು ತಡೆಯುವ ಕಾನೂನು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದೂ ಧಾನ್ಯಕ್ಕಾಗಿ ಅಲ್ಲ. ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಸೂಕ್ಷ್ಮಕೀಟ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಮಾಡಿದ ಮೇಲೆ 1878ರಲ್ಲಿ ಬರ್ನ್ ನಗರದಲ್ಲಿ ಐರೋಪ್ಯ ರಾಷ್ಟ್ರಗಳು ಒಂದು ಒಪ್ಪಂದಕ್ಕೆ ಬಂದುವು. ಭಾರತದಲ್ಲಿ ಇಂಥ ಮೊದಲ ಕ್ರಮ ಹತ್ತಿಗೆ ಸಂಬಂಧಿಸಿದ್ದು. ಅಮೆರಿಕದ ಹತ್ತಿಕಾಯಿಯ ಮೂತಿಹುಳು ಇಲ್ಲಿಗೆ ಬರಬಾರದೆಂದು 1906ರಲ್ಲಿ ಆಮದಾದ ಹತ್ತಿಯ ಅಂಡಿಗೆಗಳನ್ನು ಧೂಮೀಕರಿಸಬೇಕೆಂದು ವಿಧಿಸಲಾಯಿತು. ಅನಂತರ 1914ರಲ್ಲಿ ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯಿದೆ ಜಾರಿಗೆ ಬಂದಿತು. ಕೆಲವೇ ಪ್ರಕರಣಗಳುಳ್ಳ ಈ ಪುಟ್ಟ ಕಾಯಿದೆ ಇಂದಿಗೂ ನಮ್ಮ ಸಸ್ಯಸಂರಕ್ಷಣಾ ಆಜ್ಞೆಗಳಿಗೆಲ್ಲ ಆಧಾರವಾಗಿದೆ. 2003ರ ಆಮದು ನಿಯಂತ್ರಣದ ವಿಸ್ತಾರವಾದ ಆಜ್ಞೆಯೂ ಅದರ ಅಡಿಯಲ್ಲಿಯೇ ಹೊರಟದ್ದು.

ಈ ಕಾಯಿದೆಗಳೆಲ್ಲವೂ ಹುಟ್ಟಿನಲ್ಲಿ ಹೊಲತೋಟಗಳಲ್ಲಿ ಬೆಳೆಯುವ ಪೈರಿನ ಶತ್ರುಗಳನ್ನು ಕುರಿತವು. ಉಗ್ರಾಣದಲ್ಲಿರುವ ಧಾನ್ಯದ ಹುಳುವಿನ ವಿಚಾರದಲ್ಲಿ ಶಾಸಕರಿಗೆ ಅಷ್ಟು ಆತಂಕವಿದ್ದಂತೆ ತೋರುವುದಿಲ್ಲ. ಅದಕ್ಕೆ ಕಾರಣವೂ ಇತ್ತು. ಅಕ್ಕಿಯ ಮೂತಿಹುಳು, ಹಿಟ್ಟಿನ ಕೆಂಪುಹುಳು ಮುಂತಾದುವು ಸಾವಿರಾರು ವರ್ಷಗಳಿಂದ ಹಡಗುಗಳಲ್ಲಿ ಸುತ್ತಾಡಿ ಲೋಕದ ಎಲ್ಲ ಕಣಜಗಳನ್ನೂ ಆಗಲೇ ಸೇರಿಬಿಟ್ಟಿದ್ದುವು. ಒಳಗೇ ಇರುವುದನ್ನು ಬಾಗಿಲಲ್ಲಿ ತಡೆಯುವುದೆಂತು? ಹುಳುಹಿಡಿದ ಗೋದಿಗೆ ಬೆಲೆ ಕಡಿಮೆ. ವರ್ತಕ ಅದನ್ನು ಜರಡಿಹಿಡಿದು, ಒಣಗಿಸಿ ಮಾರಿಕೊಳ್ಳಲಿ ಎಂಬ ಧೋರಣೆಯೇ ಎಲ್ಲೆಡೆಯೂ ಇದ್ದಿತು. ಈ ಧೋರಣೆಯನ್ನು ಬದಲಿಸಿದ್ದು ಖಾಪ್ರಾ.

ಈ ಹುಳುವಿನ ಸ್ವಭಾವವನ್ನು ಸ್ವಲ್ಪ ತಿಳಿಯದೆ ಅದರ ಮೇಲಿನ ನಿಯಮಗಳು ಅರ್ಥವಾಗಲಾರವು. ಬೆಳೆದ ದುಂಬಿ ಎರಡು ಮೂರು ಮಿಲಿಮೀಟರಿನಷ್ಟು ಉದ್ದ, ಕಂದುಬಣ್ಣ. ಅದಕ್ಕೆ ರೆಕ್ಕೆಗಳಿದ್ದರೂ ಹಾರಿದ್ದನ್ನು ಕಂಡವರಿಲ್ಲ. ಕೆಲವು ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಅನಾಹುತ ಮಾಡತಕ್ಕದ್ದು ಅದರ ಮರಿಹುಳು. ಮೈತುಂಬ ರೋಮವುಳ್ಳ ಈ ಮರಿಹುಳು ಕಾಳಿನ ಮೊಳಕೆಯ ಭಾಗವನ್ನು ಮೊದಲು ತಿಂದು ಅನಂತರ ಉಳಿದುದನ್ನು ಪುಡಿಮಾಡುತ್ತದೆ. ಅದು ಕಳಚಿದ ಪೊರೆಗಳೂ ರೋಮಗಳೂ ಧಾನ್ಯದಲ್ಲಿ ಬೆರೆತು ಉಣ್ಣುವವರಿಗೆ ತೊಂದರೆಯನ್ನುಂಟುಮಾಡುತ್ತವೆ. ಬೇರೆ ಹುಳುಗಳು ಬದುಕಲಾರದಷ್ಟು ಒಣಗಿದ ಕಾಳಿನಲ್ಲಿಯೂ ಇದು ಬೆಳೆಯಬಲ್ಲುದು. 35 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಸೆಕೆ ಇದಕ್ಕೆ ಹಿತ. ಎಲ್ಲಕ್ಕಿಂತ ಮುಖ್ಯವಾದ ಗುಣ ಬೇರೊಂದಿದೆ. ಆಹಾರ ತೀರಿದಾಗ, ಚಳಿ ಹೆಚ್ಚಿದಾಗ, ಅಥವಾ ಗುಂಪು ದಟ್ಟವಾದಾಗ ಕೆಲವು ಮರಿಹುಳುಗಳು ಗೋಡೆಯ ಬಿರುಕು, ಹಲಗೆಯ ಸಂದು, ಚೀಲದ ಹೊಲಿಗೆ ಮುಂತಾದ ಕಡೆಗಳನ್ನು ಸೇರಿ ಸುಪ್ತಾವಸ್ಥೆಯಲ್ಲಿ ವರ್ಷಗಟ್ಟಲೆ ಬಿದ್ದಿರಬಲ್ಲವು. ಆ ಸ್ಥಿತಿಯಲ್ಲಿ ಉಸಿರಾಟವೇ ಮಂದವಾಗಿರುವುದರಿಂದ ವಿಷಾನಿಲವೂ ಅವನ್ನು ಸುಲಭವಾಗಿ ಕೊಲ್ಲಲಾರದು. ಧಾನ್ಯವೆಲ್ಲ ಮಾರಾಟವಾಗಿ ಹೋದಮೇಲೂ ಹುಳು ಕಟ್ಟಡದಲ್ಲಿ ಉಳಿಯುತ್ತದೆ ಎಂಬುದು ಇದರ ತಾತ್ಪರ್ಯ.

ಹೆಸರಿನ ವಿಚಾರವೂ ಕುತೂಹಲಕರವಾಗಿದೆ. ಭಾರತದಲ್ಲಿ ಗೋದಿಗೆ ಇದು ಪಿಡುಗಾಗಿರುವುದನ್ನು ಕೋಟ್ಸ್ ಎಂಬ ಕೀಟಶಾಸ್ತ್ರಜ್ಞ 1894ರಲ್ಲಿ ದಾಖಲೆಮಾಡಿದನು. ನಾಲ್ಕು ವರ್ಷಗಳ ಮೇಲೆ, 1898ರಲ್ಲಿ, ಎವರ್ಟ್ಸ್ ಎಂಬ ಡಚ್ ವಿದ್ವಾಂಸ ಇದೇ ಹುಳುವಿಗೆ ಟ್ರೋಗೋಡರ್ಮ ಗ್ರನೇರಿಯಂ ಎಂದು ಶಾಸ್ತ್ರೀಯವಾಗಿ ನಾಮಕರಣ ಮಾಡಿದನು. ಎರಡನೆಯ ಪದಕ್ಕೆ ಕಣಜದ್ದು ಎಂದು ಅರ್ಥ. ಈ ಎರಡೂ ಒಂದೇ ಎಂಬುದು ಆಗ ಸ್ಪಷ್ಟವಾಗಿರಲಿಲ್ಲ. 1917ರಲ್ಲಿ ಬ್ರಿಟಿಷ್ ವಸ್ತುಸಂಗ್ರಹಾಲಯದ ಗಿಲ್ಬರ್ಟ್ ಆರೋ ಭಾರತದ ಹುಳುವಿಗೆ ಟ್ರೋಗೋಡರ್ಮ ಖಾಪ್ರಾ ಎಂಬ ಬೇರೊಂದು ಹೆಸರನ್ನು ಕೊಟ್ಟನು. ಹಿಂದಿಯಲ್ಲಿ ಆ ಶಬ್ದಕ್ಕೆ ಹೆಂಚು ಎಂದು ಅರ್ಥವಿದೆ. ಇಟ್ಟಿಗೆ ಹೆಂಚುಗಳ ಸಂದಿನಲ್ಲಿ ಅಡಗುವುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ನಮ್ಮ ಹಳಗನ್ನಡದ ಕಪ್ಪರ ಎಂಬ ಶಬ್ದವೂ ಇದೂ ಸಂಸ್ಕೃತದ ಕರ್ಪರ ಎಂಬ ಒಂದೇ ಮೂಲಕ್ಕೆ ಸೇರಿದುವು. ಶಾಸ್ತ್ರದ ನಿಯಮದಂತೆ ಎವರ್ಟ್ಸನ ಹೆಸರು ನಿಂತಿತು, ಆರೋನ ಹೆಸರು ಬಿದ್ದುಹೋಯಿತು. ಆದರೆ ಸುಂಕದಕಟ್ಟೆಯ ಭಾಷೆಯಲ್ಲಿ ಉಳಿದದ್ದು ಖಾಪ್ರಾ ಎಂಬುದೇ. ಹುಳುವಿನ ಊರಿನ ಗುರುತು ಹೀಗೆ ಅದರ ಹೆಸರಿನಲ್ಲಿಯೇ ಸೇರಿಹೋಯಿತು.

ಈ ಊರಿನ ಗುರುತು ಎಷ್ಟರಮಟ್ಟಿಗೆ ನ್ಯಾಯವಾದದ್ದು? ಹುಳುವಿನ ಮೂಲಸ್ಥಾನ ಭಾರತದ ಉಪಖಂಡವೆಂದು ತಜ್ಞರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದನ್ನು ಅಲ್ಲಗಳೆಯಲು ನನ್ನಲ್ಲಿ ಆಧಾರವಿಲ್ಲ. ಆದರೆ ಹಾರಲಾರದ ಹುಳು ಲೋಕಸಂಚಾರ ಮಾಡಿದ್ದು ಹೇಗೆ ಎಂದು ಕೇಳಿದರೆ ಉತ್ತರಕ್ಕಾಗಿ ವಾಣಿಜ್ಯದ ಚರಿತ್ರೆಯನ್ನೇ ನೋಡಬೇಕಾಗುತ್ತದೆ. ಸೂಯೆಜ್ ಕಾಲುವೆ 1869ರಲ್ಲಿ ತೆರೆಯಿತು. ಭಾರತದ ಗೋದಿಯ ಮೇಲಿನ ರಫ್ತು ಸುಂಕವನ್ನು 1873ರಲ್ಲಿ ತೆಗೆದುಹಾಕಲಾಯಿತು. ರೈಲುದಾರಿ ಒಳನಾಡನ್ನು ಕರಾಚಿ, ಬೊಂಬಾಯಿಗಳಿಗೆ ಜೋಡಿಸಿತು. 1880ರ ದಶಕದ ಮಧ್ಯಭಾಗಕ್ಕೆ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಟನ್ ಗೋದಿ ಹೊರಕ್ಕೆ ಹೋಗುತ್ತಿದ್ದಿತು. ಬಿಸಿಲಿನಲ್ಲಿ ಕಾದ ಹಡಗಿನ ಒಡಲಲ್ಲಿ ವಾರಗಟ್ಟಲೆ ಇದ್ದ ಈ ಗೋದಿಯೇ ಖಾಪ್ರಾ ಹುಳುವಿನ ವಾಹನವಾಯಿತು. ಇಂಗ್ಲೆಂಡಿನ ಹವೆ ಅದಕ್ಕೆ ಒಗ್ಗದು; ಆದರೂ ಅಲ್ಲಿನ ಬಿಯರ್ ತಯಾರಿಕೆಗಾಗಿ ಬಾರ್ಲಿಯನ್ನು ಮೊಳೆಯಿಸಿ ಒಣಗಿಸುವ ಮಾಲ್ಟ್ ಮನೆಗಳ ಬೆಚ್ಚನೆಯ ಆವರಣದಲ್ಲಿ ಅದು ನೆಲೆಯೂರಿತು. ಗೋದಿಯನ್ನು ಕೊಂಡು ಹಡಗಿಗೆ ತುಂಬಿದವರಲ್ಲಿ ಮುಖ್ಯರು ಐರೋಪ್ಯ ವರ್ತಕಸಂಸ್ಥೆಗಳು. ಹುಳು ಭಾರತದ್ದೇ ಇರಬಹುದು; ಅದನ್ನು ಸಾಗಿಸಿದ ವ್ಯವಸ್ಥೆ ಸಾಮ್ರಾಜ್ಯದ್ದು.

ಧಾನ್ಯದ ಹುಳು ಸರ್ಕಾರದ ವ್ಯವಹಾರವಾದದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಬ್ರಿಟಿಷ್ ಸರ್ಕಾರ ಆಸ್ಟ್ರೇಲಿಯದಲ್ಲಿ ಅಪಾರ ಗೋದಿಯನ್ನು ಕೊಂಡಿತು. ಆದರೆ ಜಲಾಂತರ್ಗಾಮಿಗಳ ಹಾವಳಿಯಿಂದ ಅದನ್ನು ತರಲು ಹಡಗುಗಳಿರಲಿಲ್ಲ. ಮೂಟೆಗಳು ರೈಲುನಿಲ್ದಾಣಗಳ ಬಳಿ ಬೆಟ್ಟಗಳಂತೆ ಬಿದ್ದುವು. 1917ರಲ್ಲಿ ಇಲಿಗಳ ಹಿಂಡೂ ಮೂತಿಹುಳುಗಳೂ ಅದಕ್ಕೆ ಮುತ್ತಿಗೆ ಹಾಕಿದುವು. ಲಂಡನ್ನಿನ ರಾಯಲ್ ಸೊಸೈಟಿ ಧಾನ್ಯಕೀಟಗಳ ವಿಚಾರಣೆಗೆ ಒಂದು ಯುದ್ಧಕಾಲದ ಸಮಿತಿಯನ್ನೇ ನೇಮಿಸಿತು. ಇದೇ ಸಮಯದಲ್ಲಿ, 1916ರಲ್ಲಿ, ಪಂಜಾಬಿನ ಗೋದಿಗೆ ಹತ್ತುವ ಹುಳುಗಳನ್ನೂ ಅವುಗಳ ನಿವಾರಣೆಯನ್ನೂ ಕುರಿತು ಬಾರ್ನ್ಸ್ ಮತ್ತು ಗ್ರೋವ್ ಎಂಬಿಬ್ಬರು ಬರೆದ ಪ್ರಬಂಧ ಭಾರತದ ಕೃಷಿ ಇಲಾಖೆಯ ಪ್ರಕಟನಮಾಲೆಯಲ್ಲಿ ಹೊರಬಂದಿತು. ಹುಳುವಿನ ನಷ್ಟವನ್ನು ಪಂಜಾಬಿನ ರೈತ ಎಷ್ಟೋ ಕಾಲದಿಂದ ಅನುಭವಿಸುತ್ತಿದ್ದನು. ಅದರ ಅಧ್ಯಯನಕ್ಕೆ ಬಿರುಸು ಬಂದದ್ದು ಯುದ್ಧದ ರೊಟ್ಟಿಗೆ ಅದು ಅಡ್ಡಬಂದಾಗ.

ಇನ್ನು ಚೀಲದ ಮಾತು. ಧಾನ್ಯವನ್ನು ಸಡಿಲವಾಗಿ ಸುರಿದು ಸಾಗಿಸುವ ಪದ್ಧತಿ ಎಲ್ಲೆಡೆಯೂ ಬರುವ ಮುಂಚೆ ಕ್ಯಾಲಿಫೋರ್ನಿಯ ಮತ್ತು ಆಸ್ಟ್ರೇಲಿಯಗಳ ಗೋದಿ ಗೋಣಿಚೀಲಗಳಲ್ಲಿಯೇ ಹೋಗುತ್ತಿದ್ದಿತು. ಆ ಗೋಣಿಚೀಲಗಳ ತವರು ಕಲ್ಕತ್ತೆ. ಹೂಗ್ಲಿ ನದಿಯ ದಡದ ರಿಶ್ರಾದಲ್ಲಿ 1855ರಲ್ಲಿ ಮೊದಲಾದ ಸೆಣಬಿನ ಗಿರಣಿಗಳು ಶತಮಾನದ ಕೊನೆಯ ಹೊತ್ತಿಗೆ ಲೋಕಕ್ಕೆಲ್ಲ ಚೀಲವನ್ನೊದಗಿಸುತ್ತಿದ್ದುವು. ಕಲ್ಕತ್ತೆಯ ಚೀಲದ ಬೆಲೆಯಿಂದ ಬೇಸತ್ತ ಕ್ಯಾಲಿಫೋರ್ನಿಯದ ರೈತರಿಗಾಗಿ ಅಲ್ಲಿನ ಸಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಕೈದಿಗಳಿಂದ ಚೀಲವನ್ನು ನೇಯಿಸಬೇಕಾಯಿತು. ಹೊಸ ಚೀಲದಲ್ಲಿ ಹುಳುವಿಗೆ ಆಹಾರವಿಲ್ಲ. ಆದರೆ ಗೋಣಿಚೀಲವನ್ನು ಒಂದೇ ಸಲ ಬಳಸಿ ಎಸೆಯುವವರಾರು? ಅದನ್ನು ಕೊಡವಿ, ತೇಪೆಹಾಕಿ, ಮತ್ತೆ ಮತ್ತೆ ತುಂಬುವುದು ನಮ್ಮ ಮಂಡಿಗಳಲ್ಲಿ ಹೇಗೋ ಹಾಗೆಯೇ ಹೊರದೇಶದಲ್ಲಿಯೂ ರೂಢಿ. ಒಮ್ಮೆ ಹುಳುಹಿಡಿದ ಕಾಳನ್ನು ತುಂಬಿದ್ದ ಚೀಲದ ಹೊಲಿಗೆಯಲ್ಲಿ ಸುಪ್ತವಾಗಿದ್ದ ಮರಿಹುಳು ಎರಡನೆಯ, ಮೂರನೆಯ ಬಾಡಿಗೆಯಲ್ಲಿ ಹೊಸ ದೇಶದ ಕಾಳನ್ನು ಸೇರುತ್ತಿದ್ದಿತು.

1953ರಲ್ಲಿ ಕ್ಯಾಲಿಫೋರ್ನಿಯದ ಟುಲಾರೆ ಪ್ರಾಂತದ ಒಂದು ಧಾನ್ಯದ ಗೋದಾಮಿನಲ್ಲಿ ಈ ಹುಳು ಪತ್ತೆಯಾಯಿತು. ಹಿಂದೆ ಸಂಗ್ರಹಿಸಿಟ್ಟಿದ್ದ ಮಾದರಿಗಳನ್ನು ಮತ್ತೆ ತೆಗೆದು ನೋಡಿದಾಗ ಅದು ಅಲ್ಲಿಗೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದುವೆಂದೂ, ಬೇರೊಂದು ಸಾಮಾನ್ಯ ಹುಳುವೆಂದು ಭ್ರಮಿಸಲಾಗಿತ್ತೆಂದೂ ತಿಳಿದುಬಂದಿತು. ಸ್ವಲ್ಪ ಕಾಲದಲ್ಲಿಯೇ ಅರಿಜೋನ, ನ್ಯೂ ಮೆಕ್ಸಿಕೊ ಮತ್ತು ಮೆಕ್ಸಿಕೊ ದೇಶದಲ್ಲಿಯೂ ಅದು ಕಾಣಿಸಿಕೊಂಡಿತು. ಅಮೆರಿಕದ ಸರ್ಕಾರ 1955ರಲ್ಲಿ ದಿಗ್ಬಂಧನದ ಆಜ್ಞೆಯನ್ನು ಹೊರಡಿಸಿತು. ಮುಂದೆ ನಡೆದದ್ದು ಕೀಟನಿರೋಧದ ಚರಿತ್ರೆಯಲ್ಲಿ ಹಿಂದೆಂದೂ ಕಾಣದ ಕಾರ್ಯ. ಹುಳುವಿದ್ದ ಗೋದಾಮನ್ನು, ಅದು ಎಷ್ಟೇ ದೊಡ್ಡದಿರಲಿ, ಇಡೀ ಕಟ್ಟಡವನ್ನೇ ಟಾರ್ಪಾಲುಗಳಿಂದ ಹೊದಿಸಿ, ಅಂಚುಗಳನ್ನು ಬಿಗಿದು, ಒಳಕ್ಕೆ ಮೀಥೈಲ್ ಬ್ರೋಮೈಡ್ ಎಂಬ ಅನಿಲವನ್ನು ಬಿಡುತ್ತಿದ್ದರು. ಈ ಅನಿಲ ಕೀಟನಾಶಕವೆಂಬುದನ್ನು ಫ್ರಾನ್ಸಿನಲ್ಲಿ 1932ರಲ್ಲಿ ಕಂಡುಹಿಡಿಯಲಾಗಿದ್ದಿತು. ಬಿರುಕು ಸಂದುಗಳೊಳಕ್ಕೆ ಆಳವಾಗಿ ನುಗ್ಗುವುದು ಅದರ ವಿಶೇಷ. ಕಾಳನ್ನು ಹೊರಕ್ಕೆ ತೆಗೆದು ಸಂಸ್ಕರಿಸಿದರೆ ಸಾಲದು, ಕಟ್ಟಡವನ್ನೇ ಸಂಸ್ಕರಿಸಬೇಕು ಎಂಬ ಅರಿವು ಇಲ್ಲಿ ಮೊದಲಬಾರಿಗೆ ಸರ್ಕಾರದ ಕಾರ್ಯನೀತಿಯಾಯಿತು. ಈ ಕಾರ್ಯ 1966ರವರೆಗೆ ನಡೆದು, ಸುಮಾರು 1 ಕೋಟಿ 10 ಲಕ್ಷ ಡಾಲರು ವೆಚ್ಚವಾಗಿ, ಹುಳು ನಿರ್ಮೂಲವಾಯಿತೆಂದು ಸಾರಲಾಯಿತು.

ಇದೇ ಕಾಲದಲ್ಲಿ ಎದುರುದಿಕ್ಕಿನಲ್ಲಿ ಏನು ನಡೆಯುತ್ತಿದ್ದಿತೆಂಬುದನ್ನು ಭಾರತದ ಇತಿಹಾಸಕಾರ ಮರೆಯಲಾಗದು. 1951ರಲ್ಲಿ ಅಮೆರಿಕ ನಮಗೆ 20 ಲಕ್ಷ ಟನ್ ಧಾನ್ಯಕ್ಕಾಗಿ ಸಾಲ ಕೊಟ್ಟಿತು. 1954ರಲ್ಲಿ ಅಲ್ಲಿ ಪಿ. ಎಲ್. 480 ಎಂಬ ಪ್ರಸಿದ್ಧ ಶಾಸನವಾಯಿತು. 1956ರ ಆಗಸ್ಟಿನಲ್ಲಿ ಅದರ ಅಡಿ ಭಾರತದೊಡನೆ ಮೊದಲ ಒಪ್ಪಂದವಾಯಿತು. 1966ರಲ್ಲಿ, ಕ್ಯಾಲಿಫೋರ್ನಿಯದಲ್ಲಿ ಖಾಪ್ರಾ ಮುಗಿಯಿತೆಂದು ಸಾರಿದ ವರ್ಷದಲ್ಲಿಯೇ, ನಾವು ಆಮದು ಮಾಡಿಕೊಂಡ ಆಹಾರಧಾನ್ಯ ಸುಮಾರು 1 ಕೋಟಿ ಟನ್. ಹಸಿದವನು ಬಾಗಿಲಲ್ಲಿ ನಿಂತು ಮೂಟೆಯನ್ನು ಜರಡಿಹಿಡಿಯುವುದು ಎಷ್ಟರಮಟ್ಟಿಗೆ ಸಾಧ್ಯ? ಕಾನೂನಿನ ಬಲ ಅದನ್ನು ನಡೆಯಿಸುವ ದೇಶದ ಹೊಟ್ಟೆಯನ್ನೂ ಅವಲಂಬಿಸಿರುತ್ತದೆ.

ನಮ್ಮಲ್ಲಿ ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಕಳೆ ಪಿ. ಎಲ್. 480ರ ಗೋದಿಯೊಡನೆ ಬಂದಿತೆಂಬ ಪ್ರತೀತಿ ಮನೆಮಾತಾಗಿದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿಯೂ ಇದನ್ನು ನಾನು ಅನೇಕ ಸಲ ಓದಿದ್ದೇನೆ. ಆದರೆ ಕಾಲಗಣನೆ ಇದಕ್ಕೆ ಸುಲಭವಾಗಿ ಹೊಂದುವುದಿಲ್ಲ. ಆ ಕಳೆಯನ್ನು ಪುಣೆಯಲ್ಲಿ ಗುರುತಿಸಿದ್ದು 1955ರಲ್ಲಿ. ಒಪ್ಪಂದವಾದದ್ದು ಅದರ ಮಾರನೆಯ ವರ್ಷ. ಬಂದಿದ್ದರೆ 1951ರ ಸಾಲದ ಗೋದಿಯೊಡನೆ ಬಂದಿರಬಹುದು. ಅದಕ್ಕೂ ಹಿಂದೆ, 1814ರ ರಾಕ್ಸ್‌ಬರ್ಗನ ಕಲ್ಕತ್ತೆಯ ಸಸ್ಯೋದ್ಯಾನದ ಪಟ್ಟಿಯಲ್ಲಿಯೇ ಈ ಗಿಡದ ಹೆಸರಿದೆಯೆಂದು ಸಸ್ಯಶಾಸ್ತ್ರಜ್ಞರು ತೋರಿಸಿದ್ದಾರೆ. ಪಿಡುಗಿಗೆ ಒಂದು ದೇಶದ ಅಥವಾ ಪಕ್ಷದ ಹೆಸರನ್ನು ಅಂಟಿಸುವ ಆತುರ ಅವರಿಗೆ ಮಾತ್ರವಲ್ಲ, ನಮಗೂ ಇದೆ ಎಂಬುದನ್ನು ಹೇಳಲು ಇದನ್ನು ಇಲ್ಲಿ ಪ್ರಸ್ತಾಪಿಸಿದೆ.

ಕ್ಯಾಲಿಫೋರ್ನಿಯದ ಅನುಭವದ ಫಲವಾಗಿ ಅಮೆರಿಕದ ನಿಯಮಾವಳಿಯಲ್ಲಿ ಖಾಪ್ರಾ ಹುಳುವಿಗೇ ಮೀಸಲಾದ ಒಂದು ಭಾಗ ಸೇರಿತು. ಅದರಲ್ಲಿ ಕಾಳಿನ ಜೊತೆಗೆ ಹದಮಾಡದ ಕುರಿ ಆಡುಗಳ ತೊಗಲು, ಬಳಸಿದ ಸೆಣಬಿನ ಚೀಲ, ಅಂಥ ಚೀಲದಿಂದ ಸುತ್ತಿದ ಸರಕು ಮುಂತಾದುವೂ ಇವೆ. ಹುಳುವಿರುವ ದೇಶಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಆ ದೇಶದಿಂದ ಬಂದ ವಸ್ತುವನ್ನು ಹುಳುವಿರಲಿ ಇಲ್ಲದಿರಲಿ ಸಂಶಯದಿಂದಲೇ ನೋಡುವುದು ಇದರ ಕ್ರಮ. 2011ರಿಂದ ಅಂಥ ದೇಶಗಳ ಪ್ರಯಾಣಿಕರು ತಮ್ಮ ಸಾಮಾನಿನಲ್ಲಿ ಅಕ್ಕಿಯನ್ನು ಒಯ್ಯುವುದನ್ನೂ ನಿಷೇಧಿಸಲಾಯಿತು. ಉನ್ನತ ವ್ಯಾಸಂಗಕ್ಕೆಂದು ಅಲ್ಲಿಗೆ ಹೋದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ತಾಯಿ ಕಟ್ಟಿಕೊಟ್ಟ ಎರಡು ಸೇರು ಸೋನಾಮಸೂರಿಯನ್ನು ವಿಮಾನನಿಲ್ದಾಣದಲ್ಲಿಯೇ ಒಪ್ಪಿಸಿ ಬರಬೇಕಾಯಿತೆಂದು ಪತ್ರ ಬರೆದಿದ್ದರು. ಅಕ್ಕಿಯಲ್ಲಿ ಒಂದು ಹುಳುವೂ ಇರಲಿಲ್ಲವೆಂದು ಅವರ ಅಳಲು. ಅವರಿಗಾದ ನೋವು ಸಹಜ. ಆದರೆ ಬಿರುಕಿನಲ್ಲಿ ವರ್ಷಗಟ್ಟಲೆ ಅಡಗಬಲ್ಲ ಹುಳುವಿನ ವಿಚಾರದಲ್ಲಿ ಕಣ್ಣಿಗೆ ಕಾಣದ್ದೇ ಇಲ್ಲವೆಂದು ನಂಬುವ ಧೈರ್ಯ ಯಾವ ಅಧಿಕಾರಿಗೂ ಇರದು. ದೇಶದ ಹೆಸರಿನಿಂದ ತೀರ್ಪು ಕೊಡುವ ಪದ್ಧತಿ ಒರಟಾದದ್ದೆಂದು ನನ್ನ ಅಭಿಪ್ರಾಯ. ಆದರೂ ಪ್ರತಿಯೊಂದು ಗಂಟನ್ನೂ ಬಿಚ್ಚಿ ನೋಡಲಾಗದ ಕಡೆ ಅದಕ್ಕಿಂತ ನಯವಾದದ್ದನ್ನು ಇದುವರೆಗೆ ಯಾರೂ ರೂಪಿಸಿಲ್ಲ.

1951ರಲ್ಲಿ ರೋಮಿನಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಸಸ್ಯಸಂರಕ್ಷಣಾ ಒಪ್ಪಂದ ಈ ಒರಟುತನವನ್ನು ಒಂದು ಮಿತಿಗೊಳಪಡಿಸಲು ಯತ್ನಿಸಿತು. ರಫ್ತುಮಾಡುವ ದೇಶದ ಅಧಿಕಾರಿಯೇ ಸರಕನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು, ಆಮದುಮಾಡುವ ದೇಶ ಅದನ್ನು ಗೌರವಿಸಬೇಕು ಎಂಬುದು ಅದರ ತಿರುಳು. ಈ ಪ್ರಮಾಣಪತ್ರಗಳ ಬೆಲೆ ಬಹುಮಟ್ಟಿಗೆ ಮೀಥೈಲ್ ಬ್ರೋಮೈಡನ್ನು ಅವಲಂಬಿಸಿದ್ದಿತು. ಆ ಅನಿಲವೇ ಮುಂದೆ ಆಪಾದನೆಗೆ ಗುರಿಯಾಯಿತು. ಅದು ವಾಯುಮಂಡಲದ ಓಜೋನ್ ಪದರವನ್ನು ಕರಗಿಸುತ್ತದೆಂದು ಸಿದ್ಧವಾದ್ದರಿಂದ 1992ರಲ್ಲಿ ಕೋಪನ್‌ಹೇಗನ್ನಿನಲ್ಲಿ ನಡೆದ ಸಭೆ ಅದನ್ನು ಮಾಂಟ್ರಿಯಲ್ ಒಡಂಬಡಿಕೆಯ ಪಟ್ಟಿಗೆ ಸೇರಿಸಿತು. ಮುಂದುವರಿದ ದೇಶಗಳು 2005ರೊಳಗೆ ಅದರ ಸಾಮಾನ್ಯ ಬಳಕೆಯನ್ನು ನಿಲ್ಲಿಸಬೇಕೆಂದು ಗೊತ್ತಾಯಿತು. ಗಡಿಯ ಕೀಟನಿರೋಧಕ್ಕೆ ಮಾತ್ರ ವಿನಾಯಿತಿ ಉಳಿಯಿತು. ಕೆಲಸಗಾರರಿಗೆ ಅದು ಎಷ್ಟು ಅಪಾಯಕರವೆಂಬುದು ಬೇರೆಯೇ ಮಾತು. ಅದಕ್ಕೆ ಬಣ್ಣವಿಲ್ಲ, ಸಾಮಾನ್ಯ ಪ್ರಮಾಣದಲ್ಲಿ ವಾಸನೆಯೂ ಇಲ್ಲ.

ಈ ಸಂದರ್ಭದಲ್ಲಿ ಭಾರತ ಆಪಾದಿತನ ಸ್ಥಾನದಿಂದ ಕಾವಲುಗಾರನ ಸ್ಥಾನಕ್ಕೆ ಬಂದ ಪ್ರಸಂಗವೊಂದಿದೆ. ನಮ್ಮ 2003ರ ಆಜ್ಞೆ, ಆಮದಾಗುವ ಬಟಾಣಿ ಮುಂತಾದ ದ್ವಿದಳಧಾನ್ಯಗಳನ್ನು ಹೊರಡುವ ಬಂದರಿನಲ್ಲಿಯೇ ಮೀಥೈಲ್ ಬ್ರೋಮೈಡಿನಿಂದ ಸಂಸ್ಕರಿಸಿರಬೇಕೆಂದು ವಿಧಿಸಿತು. ಆಗ ನಮಗೆ ಬಟಾಣಿಯನ್ನು ಮಾರುತ್ತಿದ್ದ ಮುಖ್ಯ ದೇಶ ಕೆನಡ. ಅಲ್ಲಿನ ಚಳಿಯಲ್ಲಿ ಆ ಅನಿಲ ಸರಿಯಾಗಿ ಕೆಲಸಮಾಡದು. ಮೇಲಾಗಿ ಅದರ ಬಳಕೆಯನ್ನೇ ಅವರು ಕಡಿಮೆಮಾಡುತ್ತಿದ್ದರು. ಚಳಿಗಾಲವೇ ನಮ್ಮ ಕೀಟಗಳನ್ನು ಕೊಲ್ಲುತ್ತದೆಂಬುದು ಅವರ ವಾದ. ಸರಕು ಇಲ್ಲಿಗೆ ಬಂದಮೇಲೆ ಸಂಸ್ಕರಿಸಲು ಅವಕಾಶಕೊಟ್ಟು, ಆ ವಿನಾಯಿತಿಯನ್ನು ವರ್ಷವರ್ಷವೂ ಮುಂದುವರಿಸುತ್ತ ಬಂದ ನಮ್ಮ ಸರ್ಕಾರ 2017ರಲ್ಲಿ ಬಿಗಿಯಾದ ನಿಲುವನ್ನು ತಳೆಯಿತು. ಆ ವರ್ಷ ನಮ್ಮಲ್ಲಿ ಬೇಳೆಕಾಳುಗಳ ಬೆಳೆ ಸಮೃದ್ಧವಾಗಿ ಬೆಲೆ ಕುಸಿದಿದ್ದಿತು. ಬಟಾಣಿಯ ಮೇಲೆ ಆಮದು ಸುಂಕವನ್ನೂ ಹಾಕಲಾಯಿತು. ಕೀಟದ ಭಯ ಯಾವುದು, ಬೆಲೆಯ ಚಿಂತೆ ಯಾವುದು ಎಂದು ಬಿಡಿಸಿ ಹೇಳುವುದು ಇಲ್ಲಿ ಕಷ್ಟ. 1966ರ ಬರದ ವರ್ಷದೊಡನೆ ಇದನ್ನು ಹೋಲಿಸಿ ನೋಡಬಹುದು.

ಕೊನೆಯದಾಗಿ ಪೆಟ್ಟಿಗೆಯ ವಿಚಾರ. 1956ರ ಏಪ್ರಿಲಿನಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ ಉಕ್ಕಿನ ಪೆಟ್ಟಿಗೆಗಳನ್ನು ಜೋಡಿಸಿ ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದನು. ಅಲ್ಲಿಂದ ಮೊದಲಾದ ಕಂಟೇನರುಗಳ ಯುಗದಲ್ಲಿ ಗೋಣಿಚೀಲದ ಸ್ಥಾನವನ್ನು ಅವು ಆಕ್ರಮಿಸಿದುವು. ಕಂಟೇನರಿನ ನೆಲಕ್ಕೆ ಪದರಹಲಗೆ ಹಾಸಿರುತ್ತಾರೆ. ಹಲಗೆಗೂ ಉಕ್ಕಿಗೂ ನಡುವೆ ಸಂದುಗಳಿರುತ್ತವೆ. ಕಾಳು ಅಲ್ಲಿ ಸೋರಿ ಬೀಳುತ್ತದೆ. ಗೋಣಿಚೀಲದಂತೆಯೇ ಅದನ್ನೂ ಮತ್ತೆ ಮತ್ತೆ ತುಂಬುತ್ತಾರೆ. ಗೋಣಿಚೀಲವನ್ನು ಕೊನೆಗೆ ಒಂದು ಮಂಡಿಯಲ್ಲಿ ಹರಿದು ಎಸೆಯುವರು. ಕಂಟೇನರಾದರೋ ಹತ್ತಾರು ವರ್ಷ, ಹತ್ತಾರು ದೇಶ ಸುತ್ತುತ್ತದೆ.

ಗೋದಿಯನ್ನು ಹೇರಳವಾಗಿ ರಫ್ತುಮಾಡುವ ಆಸ್ಟ್ರೇಲಿಯಕ್ಕೆ ಖಾಪ್ರಾ ಎಂದರೆ ಮಾರುಕಟ್ಟೆಯನ್ನೇ ಕಳೆದುಕೊಳ್ಳುವ ಭಯ. 2007ರಲ್ಲಿ ಪರ್ತ್ ನಗರದಲ್ಲಿ ಬ್ರಿಟನ್ನಿನಿಂದ ವಲಸೆಬಂದ ಒಂದು ಕುಟುಂಬದ ಮನೆಸಾಮಾನಿನಲ್ಲಿ ಹುಳು ಸಿಕ್ಕಿ, ಆ ಮನೆಯನ್ನೇ ಹೊದಿಸಿ ಧೂಮೀಕರಿಸಬೇಕಾಯಿತು. 2020ರಲ್ಲಿ ಆಮದಾದ ತಂಗಳಪೆಟ್ಟಿಗೆಗಳ ಕಟ್ಟುಗಳಲ್ಲಿಯೂ ಮಕ್ಕಳ ಎತ್ತರದ ಕುರ್ಚಿಗಳಲ್ಲಿಯೂ ಅದು ಕಾಣಿಸಿಕೊಂಡಿತು. ಇವುಗಳಲ್ಲಿ ಯಾವುದೂ ಹುಳುವಿನ ಆಹಾರವಲ್ಲ. ಆ ಸಾಮಾನು ಬಂದ ಕಂಟೇನರು ಹಿಂದೆಂದೋ ಅಕ್ಕಿಯನ್ನೋ ಬೇಳೆಯನ್ನೋ ಹೊತ್ತಿದ್ದಿರಬೇಕು. ಆಗ ಆ ದೇಶದ ಸರ್ಕಾರ ಸಂಶಯದ ದೇಶಗಳಿಂದ ಪ್ರಯಾಣಿಕರೂ ಅಂಚೆಯೂ ತರುವ ಅಕ್ಕಿ, ಕಡಲೆ, ಜೀರಿಗೆ, ಕೊತ್ತಂಬರಿ ಬೀಜ ಮುಂತಾದುವನ್ನು ನಿಷೇಧಿಸಿತು. 2021ರಿಂದ, ಹುಳುವಿರುವ ದೇಶಗಳಿಂದ ಬರುವ ಕಂಟೇನರುಗಳನ್ನೂ, ಒಳಗಿರುವ ಸರಕು ಯಾವುದೇ ಆಗಿರಲಿ, ಅಪಾಯದ ತರಗತಿಯನ್ನನುಸರಿಸಿ ಬಿಸಿಗಾಳಿಯಿಂದಲೋ ಅನಿಲದಿಂದಲೋ ಕೀಟನಾಶಕದ ಸಿಂಪಡಣೆಯಿಂದಲೋ ಸಂಸ್ಕರಿಸಬೇಕೆಂಬ ನಿಯಮವನ್ನು ಹಂತಹಂತವಾಗಿ ಜಾರಿಗೆ ತಂದಿತು.

ಇಲ್ಲಿ ಅಧಿಕಾರಿಗಳಿಗೆ ಎದುರಾದ ತೊಡಕು ಇತಿಹಾಸದ ವಿದ್ಯಾರ್ಥಿಗೆ ಚಿರಪರಿಚಿತವಾದದ್ದು. ಕಂಟೇನರಿಗೆ ಒಂದು ಸಂಖ್ಯೆಯಿದೆ. ಈಗ ಅದರಲ್ಲಿ ಏನಿದೆ, ಎಲ್ಲಿ ತುಂಬಿದರು ಎಂಬುದಕ್ಕೆ ಕಾಗದವಿದೆ. ಅದಕ್ಕೆ ಹಿಂದಣ ಪ್ರಯಾಣಗಳಲ್ಲಿ ಅದು ಏನನ್ನು ಹೊತ್ತಿತ್ತೆಂಬುದನ್ನು ಸಾಮಾನ್ಯವಾಗಿ ಸರಕಿನ ಕಾಗದಪತ್ರಗಳು ಹೇಳುವುದಿಲ್ಲ; ಹಡಗಿನ ಸಂಸ್ಥೆಯ ದಾಖಲೆಗಳನ್ನು ಹುಡುಕಬೇಕು, ಸಂಸ್ಥೆ ಬದಲಾಗಿದ್ದರೆ ಅದೂ ಸಿಕ್ಕದು. ಯಾರ್ಕಿನ ಕಣಜದ ನೆಲವನ್ನು ಅಗೆದವರಿಗೆ ಆ ಪೂರ್ವಚರಿತ್ರೆ ಹುಳುಗಳ ಚಿಪ್ಪಿನಿಂದಲೇ ತಿಳಿದುಬಂದಿತು. ಕಂಟೇನರಿನ ವಿಷಯದಲ್ಲಿಯೂ ಸದ್ಯಕ್ಕೆ ಹಾಗೆಯೇ. ಅಧಿಕಾರಿಗಳು ಪದರಹಲಗೆಯ ಸಂದಿನಿಂದ ಗುಡಿಸಿ ತೆಗೆದ ಕಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮರಿಹುಳುವಿನ ಪೊರೆಗಾಗಿ ಹುಡುಕುತ್ತಾರೆ.